ಪ್ಲಾಟ್‌ಫಾರ್ಮಿನ ನಗು

ಸಿನಿಮಾದವರೆಲ್ಲ ಅವಳನ್ನು ತಾಯಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ತುಂಬುವ ಮೊದಲೇ, ತನಗಿಂತ ವಯಸ್ಸಿನಲ್ಲಿ ದೊಡ್ಡವನಾದ ನಾಯಕನೊಬ್ಬನಿಗೆ ತಾಯಿಯಾಗಿ ಕೂದಲಿಗೆ ಬಿಳಿ ಬಳಿಸಿಕೊಂಡು ನಿಂತವಳು ಅವಳು. ಆ ಚಿತ್ರ ಚೆನ್ನಾಗಿ ಓಡಿತು. ಅಲ್ಲಿಂದಾಚೆ ಬೇರೆ ಪಾತ್ರಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೆಮ್ಮುವ ತಾಯಿ, ಬಾಗಿಲಿಗೆ ಒರಗಿ ಮಗನ ದಾರಿ ಕಾಯುವ ತಾಯಿ, ಮೊದಲ ಹಾಡು ಬರುವಷ್ಟರಲ್ಲೇ ಕಣ್ಣು ಮುಚ್ಚುವ ತಾಯಿ. ತೆರೆಯ ಮೇಲೆ ಎಷ್ಟು ಸಲ ಸತ್ತಳೋ ಅವಳಿಗೇ ಲೆಕ್ಕವಿರಲಿಲ್ಲ. "ನಮ್ಮಕ್ಕ ನಿಜವಾಗಿ ಸತ್ರೂ, ಯಾರಾದ್ರೂ ಕಟ್ ಅಂತಾರೇನೋ ಅಂತ ಜನ ಕಾಯ್ಕೊಂಡು ಕೂತಿರ್ತಾರೆ" ಎಂದು ಅವಳ ತಂಗಿ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ತಂಗಿ ಮದುವೆಯಾಗಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಪರದೆ, ದಿಂಬಿನ ಗವಸು ಹೊಲಿಯುತ್ತಿದ್ದಳು. ತಾಯಕ್ಕನ ಗಂಡ ತೀರಿಕೊಂಡಾಗ ಮಗಳು ಇನ್ನೂ ಒಂದನೇ ಕ್ಲಾಸು. ಆಮೇಲೆಯೇ ತಾಯಕ್ಕ ಬಣ್ಣ ಹಚ್ಚಿದ್ದು. ಹೊರಗೆ ಶೂಟಿಂಗ್ ಎಂದು ಅವಳು ವಾರಗಟ್ಟಲೆ ಹೋದಾಗ ಆ ಹುಡುಗಿಗೆ ತಲೆ ಬಾಚಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಬೆಳೆಸಿದ್ದು ಚಿಕ್ಕಮ್ಮನೇ. ಈಗ ಆ ಮಗಳು ಊರಿನ ಇನ್ನೊಂದು ತುದಿಯಲ್ಲಿ ಗಂಡನ ಜೊತೆ ಇದ್ದಳು. ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಮ್ಮನ ಸಿನಿಮಾ ಯಾವುದನ್ನೂ ಅವಳು ನೋಡುತ್ತಿರಲಿಲ್ಲ. ಕೇಳಿದರೆ "ಟೈಮಿಲ್ಲಮ್ಮ" ಎನ್ನುತ್ತಿದ್ದಳು. ತಾಯಕ್ಕನೂ ಅದನ್ನು ಕೆದಕಲು ಹೋಗುತ್ತಿರಲಿಲ್ಲ.

ಐವತ್ತರ ಅಂಚಿಗೆ ಬಂದ ವರ್ಷ ಅವಳಿಗೆ ಬೆನ್ನುಬೆನ್ನಿಗೆ ಎರಡು ಚಿತ್ರ ಸಿಕ್ಕವು.

ಒಂದು ದೊಡ್ಡ ಚಿತ್ರ. ಎಷ್ಟು ದೊಡ್ಡದೆಂದರೆ, ಕಥೆ ಏನೆಂದು ಒಬ್ಬರಿಗೂ ತಿಳಿಯುವ ಮೊದಲೇ ಅದಕ್ಕೆ ಎಷ್ಟು ಕೋಟಿ ಸುರಿಯುತ್ತಿದ್ದಾರೆ ಎನ್ನುವುದು ಊರಿಗೆಲ್ಲ ತಿಳಿದಿತ್ತು. ಆ ಮೊತ್ತವನ್ನೇ ದಪ್ಪಕ್ಷರದಲ್ಲಿ ಬರೆಸಿ ಮೇಲ್ಸೇತುವೆಯ ಪಕ್ಕ ನಿಲ್ಲಿಸಿದ್ದರು. ಅದರಲ್ಲಿ ತಾಯಕ್ಕ ಸೇನಾಪತಿಯ ತಾಯಿ. ಇದ್ದದ್ದು ಎರಡೇ ದೃಶ್ಯ. ಉರಿಯುವ ಕೋಟೆಯಲ್ಲಿ ಮಗನ ತೊಡೆಯ ಮೇಲೆ ಪ್ರಾಣ ಬಿಡಬೇಕು. ಹೋಗಿ ನೋಡಿದರೆ ಕೋಟೆಯೂ ಇಲ್ಲ, ಬೆಂಕಿಯೂ ಇಲ್ಲ. ಗೋಡೆಗೆಲ್ಲ ಹಸಿರು ಬಟ್ಟೆ ಹೊದಿಸಿದ ಒಂದು ಗೋದಾಮು. ನಾಯಕ ಅವತ್ತು ಇನ್ನೆಲ್ಲೋ ಇದ್ದ. ಅವನ ಬದಲಿಗೆ ಅವನಷ್ಟೇ ಎತ್ತರದ ಫೈಟರ್ ಒಬ್ಬ ತೊಡೆ ಕೊಟ್ಟು ಕೂತ.

"ಭಾರ ಆಗ್ತಿದೀನೇನಪ್ಪ?" ಎಂದು ತಾಯಕ್ಕ ಕೇಳಿದಳು.

"ನಮ್ಮಜ್ಜಿಗಿಂತ ಹಗುರ ಇದೀರ. ಆರಾಮಾಗಿ ಸಾಯಿರಿ" ಅಂದ ಅವನು.

ನಾಯಕನ ಮುಖ ಇರಬೇಕಾದ ಜಾಗದಲ್ಲಿ ಒಂದು ಕೋಲು, ಕೋಲಿನ ತುದಿಗೆ ಕೆಂಪು ಟೇಪು. ಆ ಟೇಪನ್ನು ನೋಡುತ್ತ ಅವಳು "ಸೋಲಬೇಡ ಮಗನೇ" ಎಂದು ಕಣ್ಣು ಮುಚ್ಚಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದು, ಅವಳನ್ನು ಕಾರಿನಲ್ಲಿ ಮನೆಗೆ ಬಿಟ್ಟರು.

ಇನ್ನೊಂದು ಸಣ್ಣ ಚಿತ್ರ. ಅದರ ನಿರ್ದೇಶಕ ವರ್ಷಾನುಗಟ್ಟಲೆ ಬೇರೆಯವರ ಕೈಕೆಳಗೆ ಸಹಾಯಕನಾಗಿ ಸವೆದವನು. ಯಾವುದನ್ನೂ ಬಿಡಿಸಿ ಬಿಡಿಸಿ ಹೇಳುವ ಚಾಳಿಗೆ ಎಲ್ಲರೂ ಅವನಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅವನು ತಾಯಕ್ಕನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಥೆ ಹೇಳಿದ. ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಒಬ್ಬ ಹೆಂಗಸು. ಮನೆಯಲ್ಲಿ ಗಂಡ, ಅತ್ತೆ, ಆರು ವರ್ಷದ ಮಗಳು. ಒಂದು ಬೆಳಗಿನ ಜಾವ ಅವಳು ತನ್ನ ಬಟ್ಟೆ ಹಿಡಿದುಕೊಂಡು ಮಲಗಿದ್ದ ಮಗುವಿನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಚೀಲ ಎತ್ತಿಕೊಂಡು ರೈಲು ಹತ್ತುತ್ತಾಳೆ. ದೂರದ ಬಂದರಿನ ಊರಲ್ಲಿ ನಾಲ್ಕು ವರ್ಷ ಇರುತ್ತಾಳೆ. ಆಮೇಲೆ ವಾಪಸು ಬರುತ್ತಾಳೆ. ಮಗಳು ಗುರುತು ಸಿಕ್ಕಿಯೂ ಸಿಗದವಳ ಹಾಗೆ ಓಡಾಡುತ್ತಾಳೆ. ಅದೇ ಮನೆಯಲ್ಲಿ, ಅದೇ ಮಗಳ ಎದುರು, ಅವಳು ಹೇಗೆ ಬದುಕಿದಳು ಎನ್ನುವುದೇ ಉಳಿದ ಅರ್ಧ ಚಿತ್ರ.

"ಅವಳು ಯಾಕೆ ಹೋದಳು?" ಎಂದು ತಾಯಕ್ಕ ಕೇಳಿದಳು.

"ಚಿತ್ರ ಅದನ್ನ ಹೇಳಲ್ಲ ತಾಯಕ್ಕ. ಅವಳಿಗೂ ಪೂರ್ತಿ ಗೊತ್ತಿಲ್ಲ."

"ಎಲ್ಲಾನೂ ವಿವರಿಸೋ ನೀನೇ ಇದೊಂದನ್ನ ಬಿಟ್ಟುಬಿಟ್ರೆ, ಜನ ಬಿಡ್ತಾರೇನೋ?"

ಮೇಷ್ಟ್ರು ತಲೆ ಕೆರೆದುಕೊಂಡ. ಆಮೇಲೆ, "ಇನ್ನೊಂದು ವಿಷಯ. ಈ ಪಾತ್ರಕ್ಕೆ ಬಿಳಿ ಕೂದಲು ಬೇಡ. ಇರೋದನ್ನೂ ಕಪ್ಪು ಮಾಡ್ಕೋಬೇಕು" ಅಂದ. ತಾಯಕ್ಕ ಒಲೆಯ ಕಡೆ ತಿರುಗಿ ನಿಂತಳು. ಮುಖದ ಮೇಲೆ ಬಂದದ್ದನ್ನು ಅವನು ನೋಡುವುದು ಅವಳಿಗೆ ಬೇಕಿರಲಿಲ್ಲ.

ರೈಲ್ವೆ ಪ್ಲಾಟ್‌ಫಾರ್ಮಿನ ದೃಶ್ಯವನ್ನು ಒಂದು ಸಣ್ಣ ಸ್ಟೇಷನ್ನಿನಲ್ಲಿ ತೆಗೆದರು. ಬಾಡಿಗೆಗೆ ಒಂದೇ ಕ್ಯಾಮೆರಾ. ಲೈಟಿಗೆ ಸೂರ್ಯನೇ ಗತಿ. ಹೆಂಗಸು ಬೆಂಚಿನ ಮೇಲೆ ಕೂತು ಚಹಾ ಕುಡಿಯಬೇಕು, ಅಷ್ಟೇ ಬರೆದಿತ್ತು. ತಾಯಕ್ಕ ಕೂತಳು. ಮೊದಲ ಗುಟುಕು ಗಂಟಲಲ್ಲಿ ಬೆಚ್ಚಗೆ ಇಳಿಯಿತು. ಯಾರೂ ಅವಳನ್ನು ಕರೆಯುತ್ತಿಲ್ಲ. ಒಲೆಯ ಮೇಲೆ ಏನೂ ಉಕ್ಕುತ್ತಿಲ್ಲ. ಅವಳಿಗೇ ತಿಳಿಯದ ಹಾಗೆ ತುಟಿಯ ಒಂದು ಕೊನೆಯಲ್ಲಿ ನಗು ಮೂಡಿತು, ಕಣ್ಣಿಗೆ ಹತ್ತುವಷ್ಟರಲ್ಲಿ ತನಗೆ ತಾನೇ ಹೆದರಿದಂತೆ ಆರಿಹೋಯಿತು. ಮೇಷ್ಟ್ರು ಕಟ್ ಹೇಳುವುದನ್ನೇ ಮರೆತ. ಕ್ಯಾಮೆರಾದವನು ಕೊನೆಗೆ ತಾನೇ ನಿಲ್ಲಿಸಿ, "ಇದನ್ನ ಇನ್ನೊಂದು ಸಲ ತೆಗೆಯೋದು ಬೇಡ" ಅಂದ.

ಮನೆಗೆ ಬಂದ ಮೇಲೂ ಆ ನಗು ಅವಳನ್ನು ಕಾಡಿತು. ಇಷ್ಟು ವರ್ಷದಲ್ಲಿ ಯಾವ ಪಾತ್ರವೂ ಅವಳ ಒಳಗಿನಿಂದ ಹೀಗೆ ಕೇಳದೆಯೇ ಏನನ್ನೂ ಎತ್ತಿಕೊಂಡು ಹೋಗಿರಲಿಲ್ಲ.

*

ದೊಡ್ಡ ಚಿತ್ರ ಮೊದಲು ಬಂತು. ಊರಿಗೆ ಊರೇ ಮುಗಿಬಿತ್ತು. ಅಷ್ಟು ದುಡ್ಡು ಹಾಕಿದ್ದಾರೆ ಅಂದಮೇಲೆ ಏನೋ ಇದ್ದೇ ಇರಬೇಕು ಎಂದು ನೋಡಿದವರು, ಏನೋ ಇತ್ತು ಎಂದೇ ಹೇಳಿಕೊಂಡು ಹೊರಬಂದರು. ಕೋಟೆಗೆ ಬೆಂಕಿ ಬಿದ್ದಿತ್ತು, ಕೆಂಪು ಟೇಪಿನ ಜಾಗದಲ್ಲಿ ನಾಯಕನ ಮುಖ ಬಂದಿತ್ತು, ನೂರು ಪಿಟೀಲು ಒಟ್ಟಿಗೆ ಅಳುತ್ತಿದ್ದವು. ಪತ್ರಿಕೆಯೊಂದು ನಾಲ್ಕು ಪುಟದ ಪುರವಣಿ ತಂದು, ಅದರಲ್ಲಿ ತಾಯಕ್ಕನ ಸಾವನ್ನು "ತಾಯ್ತನದ ಶಿಖರ" ಎಂದು ಕರೆಯಿತು. ಬೀದಿಯ ದಿನಸಿ ಅಂಗಡಿಯ ಹೆಂಗಸು ಕೌಂಟರಿನ ಹಿಂದಿನಿಂದ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನೀವು ಹೋದಾಗ ನಂಗೆ ನಮ್ಮಮ್ಮನೇ ಹೋದ ಹಾಗಾಯ್ತು" ಎಂದು ಕಣ್ಣೊರೆಸಿಕೊಂಡಳು. ತಾಯಕ್ಕನಿಗೆ ನಾಚಿಕೆಯಾಯಿತು. ಗೋದಾಮು, ಕೋಲು, ಟೇಪು ಕಣ್ಣ ಮುಂದೆ ಬಂದವು. ಆದರೆ ಆ ಕಣ್ಣೀರು ಸುಳ್ಳಾಗಿರಲಿಲ್ಲ. ಅವಳ ಬೆನ್ನು ಸವರಿ ಬಂದಳು.

ಎರಡು ವಾರದ ಮೇಲೆ ಸಣ್ಣ ಚಿತ್ರ ಬಿಡುಗಡೆಯಾಯಿತು. ಮಾರ್ಕೆಟ್ಟಿನ ಹಿಂದಿನ ಹಳೆಯ ಥಿಯೇಟರಿನಲ್ಲಿ, ದಿನಕ್ಕೆ ಒಂದೇ ಆಟ. ಮೊದಲ ದಿನ ಬಂದವರಲ್ಲಿ ಅರ್ಧ ಜನ ಚಿತ್ರಕ್ಕೆ ದುಡಿದವರ ಮನೆಯವರೇ. ಅದೇ ಪತ್ರಿಕೆ ಒಳಪುಟದ ಮೂಲೆಯಲ್ಲಿ, "ಪ್ರಾಮಾಣಿಕ ಯತ್ನ, ಆದರೆ ತುಂಬಾ ನಿಧಾನ" ಎಂದು ಬರೆದು ಕೈತೊಳೆದುಕೊಂಡಿತು. ನಾಲ್ಕನೇ ದಿನಕ್ಕೆ ಟಿಕೆಟ್ ಕೊಡುವವನು ಕಿಟಕಿಯ ಹಿಂದೆ ತೂಕಡಿಸುತ್ತಿದ್ದ. ಮೇಷ್ಟ್ರು ಮಾತ್ರ ದಿನಾ ಹೋಗಿ ಎದುರಿನ ಸೈಕಲ್ ಅಂಗಡಿಯ ಬಳಿ ನಿಂತು, ಯಾರಾದರೂ ಒಳಗೆ ಹೋಗುತ್ತಾರೇನೋ ಎಂದು ನೋಡಿಕೊಂಡು ಬರುತ್ತಿದ್ದ.

ಆಗ ಎಲ್ಲರ ಫೋನಿಗೂ ಒಂದು ತುಣುಕು ಬಂತು.

ಮಗುವಿನ ಬೆರಳು ಬಿಡಿಸುವ ಕೈ. ಅದರ ಬೆನ್ನಿಗೇ ಪ್ಲಾಟ್‌ಫಾರ್ಮಿನ ನಗು. ನಡುವೆ ಇದ್ದದ್ದೆಲ್ಲ ಕತ್ತರಿಸಿ ಹೋಗಿತ್ತು. ನಗು ಆರುವ ಮೊದಲೇ ತುಣುಕು ಮುಗಿಯುತ್ತಿತ್ತು. ಮೇಲೆ ದೊಡ್ಡದಾಗಿ ಬರೆದಿತ್ತು: "ಹೆತ್ತ ಮಗುವನ್ನು ಬಿಟ್ಟು ಬಂದು ನಗುವವಳು ತಾಯಿಯೇ?"

ಒಂದೆರಡು ದಿನದಲ್ಲಿ ಊರು ಹೊತ್ತಿಕೊಂಡಿತು. ತಾಯ್ತನದ ಗೌರವ ಕಾಪಾಡುತ್ತೇವೆಂದು ಒಂದು ಸಂಘದವರು ಥಿಯೇಟರಿನ ಮುಂದೆ ಕೂತರು. ಅದಕ್ಕೆ ಉತ್ತರವಾಗಿ ಇನ್ನೊಂದು ಗುಂಪು ಬಂತು. ಹೆಣ್ಣಿಗೆ ಹೋಗುವ ಹಕ್ಕಿದೆ ಎಂದು ಕೂಗಿತು. ಎರಡೂ ಗುಂಪಿನಲ್ಲಿ ಒಬ್ಬರೂ ಚಿತ್ರ ನೋಡಿರಲಿಲ್ಲ. ಯಾರೋ ಪೋಸ್ಟರಿನಲ್ಲಿದ್ದ ತಾಯಕ್ಕನ ಬಾಯಿಗೆ ಡಾಂಬರು ಬಳಿದರು. ಟಿವಿಯಲ್ಲಿ ಒಂದು ಕಡೆ ಸೇನಾಪತಿಯ ತಾಯಿ, ಇನ್ನೊಂದು ಕಡೆ ಪ್ಲಾಟ್‌ಫಾರ್ಮಿನ ಹೆಂಗಸು, ಎರಡು ಮುಖಗಳ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ. ಹಳೆಯ ಥಿಯೇಟರಿನಲ್ಲಿ ಈಗ ದಿನಕ್ಕೆ ನಾಲ್ಕು ಆಟ. ನಾಲ್ಕೂ ಭರ್ತಿ.

ತಾಯಕ್ಕ ದಿನಸಿ ಅಂಗಡಿಗೆ ಹೋದಳು. ಆ ಹೆಂಗಸು ತಲೆ ಎತ್ತಲಿಲ್ಲ. ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಕೌಂಟರಿನ ಮೇಲೆ ಸರಿಸಿದಳು. ಹಿಂದಿನಿಂದ ಯಾರೋ, ತಾಯಕ್ಕನಿಗೆ ಕೇಳಲೆಂದೇ, "ಅದೆಲ್ಲಾ ನಟನೆ ಅಂತೀರಿ, ಒಳಗೆ ಇಲ್ದೇ ಹೊರಗೆ ಬರುತ್ತಾ?" ಅಂದರು.

ಆ ಮಾತು ಚುಚ್ಚಿತು. ಅದರಲ್ಲಿ ಸುಳ್ಳಿಲ್ಲ ಎನ್ನುವುದೇ ಹೆಚ್ಚು ಚುಚ್ಚಿತು.

ಮಾರನೇ ದಿನ ಮೇಷ್ಟ್ರು ಬಂದ. ಕೆನ್ನೆ ಇಳಿದುಹೋಗಿತ್ತು. ತಂಗಿ ಮಿಷನ್ನು ನಿಲ್ಲಿಸಿ ಅವನಿಗೆ ಕುರ್ಚಿ ಎಳೆದುಕೊಟ್ಟಳು.

"ಥಿಯೇಟರ್ ತುಂಬಿ ತುಳುಕ್ತಿದೆ, ನಿನ್ನ ಮುಖ ಯಾಕೋ ಹೀಗಾಗಿದೆ?"

"ಆ ತುಣುಕು ಹೊರಗೆ ಬಿಟ್ಟಿದ್ದು ನಮ್ಮ ಹಂಚಿಕೆದಾರನೇ ಚಿಕ್ಕಮ್ಮ" ಅಂದ ಮೇಷ್ಟ್ರು. "ಸೀಟು ಖಾಲಿ ಇದ್ದಾಗ ಅವನೇ ಕೂತು ಕತ್ತರಿಸಿ, ಮೇಲಿನ ಸಾಲು ಬರೆಸಿ ಹರಿಬಿಟ್ಟಿದಾನೆ. ನಿನ್ನೆ ಅವನೇ ನನ್ನ ಬೆನ್ನು ತಟ್ಟಿ ಹೇಳಿದ. ನಾನು ಖುಷಿಪಡ್ತೀನಿ ಅಂದ್ಕೊಂಡಿದ್ದ."

ತಾಯಕ್ಕ, "ಹೇಗಾದರೂ ಆಗಲಿ, ಈಗ ಜನ ಬರ್ತಿದಾರಲ್ಲಪ್ಪ" ಅಂದಳು.

"ಬರ್ತಿದಾರೆ ತಾಯಕ್ಕ. ನೋಡ್ತಿಲ್ಲ."

"ಹೊರಗೆ ಹೇಳಿಬಿಡು."

"ಹೇಳಿದ್ರೆ ನಾವೇ ನಾಟಕ ಮಾಡಿದ್ವಿ ಅಂತಾರೆ. ಚಿತ್ರ ನಾಳೇನೇ ಎತ್ತಿಬಿಡ್ತಾರೆ. ನನ್ನ ಜೊತೆ ದುಡಿದವರಿಗೆ ಹಂಚಿಕೆದಾರ ಈಗ್ಲಾದ್ರೂ ಸಂಬಳ ಕೊಡ್ತಾನಂತೆ." ಅವನು ತಲೆ ತಗ್ಗಿಸಿದ. "ಹೇಳದೇ ಇದ್ರೆ ನಿಮ್ಮ ಮುಖಕ್ಕೆ ಡಾಂಬರು ಬಳೀತಾರೆ. ಏನು ಮಾಡ್ಲಿ, ನೀವೇ ಹೇಳಿ."

ತಾಯಕ್ಕ, "ದುಡಿದವರಿಗೆ ಸಂಬಳ ಸಿಗಲಿ. ಡಾಂಬರು ಪೋಸ್ಟರಿಗೆ ತಾನೇ" ಅಂದಳು. ಅಂದಷ್ಟು ಹಗುರಾಗಿ ಅದು ಅವಳ ಒಳಗೆ ಇಳಿಯಲಿಲ್ಲ.

*

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಚಪ್ಪಲಿ ಬಿಡುವಾಗಲೇ ಮುಖ ಗಂಟಿಕ್ಕಿಕೊಂಡಿತ್ತು. ಚಿಕ್ಕಮ್ಮನನ್ನು ಮಾತಾಡಿಸಿ, ನೀರು ಕುಡಿದು, ಅಮ್ಮನ ಎದುರು ನಿಂತಳು.

"ಸ್ಟಾಫ್ ರೂಮಲ್ಲಿ ನಾನು ಒಳಗೆ ಹೋದ್ರೆ ಮಾತು ನಿಲ್ಲಿಸ್ತಾರೆ. ಒಂದು ಮಗುವಿನ ಅಮ್ಮ ಬಂದು, ನಿಮ್ಮನ್ನೂ ಹಾಗೇ ಬಿಟ್ಟು ಹೋಗ್ತಿದ್ರಾ ಅಂತ ಕೇಳಿದಳು. ಅಯ್ಯೋ ಪಾಪ ಅನ್ನೋ ಹಾಗೆ."

"ನೀನೇನಂದೆ?"

"ಹೌದು ಅಂದೆ."

ಮಿಷನ್ನಿನ ಸದ್ದು ನಿಂತಿತು. "ಹಾಗನ್ನಬಾರದಿತ್ತು ಕಣೆ" ಎಂದು ಚಿಕ್ಕಮ್ಮ ಮೆಲ್ಲಗೆ ಅಂದಳು.

"ಸುಳ್ಳಾ ಚಿಕ್ಕಮ್ಮ? ನೀನೇ ಹೇಳು, ಸುಳ್ಳಾ?"

ತಾಯಕ್ಕ ಎದ್ದು ಒಳಗೆ ಹೋಗಬೇಕೆಂದುಕೊಂಡವಳು ಹೋಗಲಿಲ್ಲ. "ಚಿತ್ರ ನೋಡಿದ್ಯಾ?" ಎಂದು ಕೇಳಿದಳು.

"ಇಲ್ಲ. ಫೋನಲ್ಲಿ ಬಂದಿದ್ದು ನೋಡ್ದೆ."

"ಹಾಗಾದ್ರೆ ಬಾ. ಪೂರ್ತಿ ನೋಡು. ಆಮೇಲೆ ಎಷ್ಟು ಬೈಬೇಕೋ ಬೈ."

ಮಗಳು ಒಲ್ಲೆ ಎನ್ನುತ್ತಾಳೆಂದೇ ತಾಯಕ್ಕ ತಿಳಿದಿದ್ದಳು. ಅವಳು ಮರುಮಾತಿಲ್ಲದೆ ಮತ್ತೆ ಚಪ್ಪಲಿ ಮೆಟ್ಟಿಕೊಂಡಳು.

ಮಧ್ಯಾಹ್ನದ ಆಟಕ್ಕೆ ಹೋದರು. ತಾಯಕ್ಕ ತಲೆಗೆ ಬಟ್ಟೆ ಸುತ್ತಿ ಕಪ್ಪು ಕನ್ನಡಕ ಹಾಕಿದ್ದಳು. ಬಾಗಿಲಲ್ಲಿ ಪೊಲೀಸರು ಚೀಲ ತಡಕುತ್ತಿದ್ದರು. ಹಾಲ್ ತುಂಬಿತ್ತು, ಅದರ ಗದ್ದಲ ಸಿನಿಮಾ ನೋಡಲು ಬಂದವರ ಗದ್ದಲವಾಗಿರಲಿಲ್ಲ, ಕುಸ್ತಿ ನೋಡಲು ಬಂದವರದಾಗಿತ್ತು. ಲಾಂಡ್ರಿಯ ಹಬೆ, ಒದ್ದೆ ಬಟ್ಟೆಯ ರಾಶಿ, ಕೈ ಒರೆಸಿಕೊಳ್ಳುತ್ತ ನಿಂತ ಹೆಂಗಸು, ಇವ್ಯಾವುದರ ಕಡೆಗೂ ಯಾರ ಗಮನವೂ ಇಲ್ಲ. "ಯಾವಾಗ ಬರುತ್ತೋ?" "ಇನ್ನೂ ಇದೆಯಂತೆ, ತಡಿ" ಎಂಬ ಪಿಸುಮಾತು. ಬೆರಳು ಬಿಡಿಸುವ ದೃಶ್ಯ ಬರುತ್ತಲೂ ಸಾಲುಸಾಲಾಗಿ ಫೋನುಗಳು ಮೇಲೆದ್ದವು. ನಗು ಬಂದಾಗ ಶಿಳ್ಳೆ, ಬೈಗುಳ, ಚಪ್ಪಾಳೆ ಎಲ್ಲ ಒಟ್ಟಿಗೆ ಎದ್ದು ಹಾಲ್ ಅದುರಿತು. ಯಾರೋ ಎಸೆದ ಕಾಗದದ ಲೋಟ ಪರದೆಯ ಮೇಲೆ ತಾಯಕ್ಕನ ಕೆನ್ನೆಗೆ ತಗುಲಿ ಕೆಳಗೆ ಬಿತ್ತು. ನಗು ಆರಿದ್ದು, ಆ ಮುಖ ತನಗೆ ತಾನೇ ಹೆದರಿದ್ದು, ಆ ಸದ್ದಿನಲ್ಲಿ ಯಾರಿಗೂ ಕಾಣಲಿಲ್ಲ.

ಆಮೇಲೆ ಕುರ್ಚಿಗಳು ಪಟಪಟನೆ ಮಡಚಿಕೊಳ್ಳತೊಡಗಿದವು.

"ಇಷ್ಟೇನಾ?"

"ಇಷ್ಟಕ್ಕೆ ಅಷ್ಟೊಂದು ಗಲಾಟೆನಾ ಮಾರಾಯ!"

ಗುಂಪುಗುಂಪಾಗಿ ಎದ್ದು ಹೋದರು. ಹೊರಬಾಗಿಲು ತೆರೆದಾಗಲೆಲ್ಲ ಬಿಸಿಲು ಒಳಗೆ ನುಗ್ಗಿ ಪರದೆಯ ಮೇಲಿನ ಬಂದರಿನ ಊರು ಮಸುಕಾಗುತ್ತಿತ್ತು. ಚಿತ್ರ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ಕೊನೆಗೆ ಅಷ್ಟು ದೊಡ್ಡ ಹಾಲಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಉಳಿದರು. ಒಬ್ಬ ನಿದ್ದೆ ಹೊಡೆಯುತ್ತಿದ್ದ.

ಮಗಳು ಏಳಲಿಲ್ಲ. ತಾಯಕ್ಕ ಪರದೆ ನೋಡುವುದನ್ನು ಬಿಟ್ಟು ಅವಳನ್ನೇ ನೋಡಿದಳು. ಪರದೆಯ ಮೇಲೆ ಆ ಹೆಂಗಸು ಶಾಲೆಯ ಗೇಟಿನ ಹೊರಗೆ ನಿಂತಿದ್ದಳು. ಮಗು ಗೆಳತಿಯರ ಜೊತೆ ಅವಳನ್ನು ದಾಟಿಕೊಂಡು ಹೋಯಿತು. ಮಾರನೇ ದಿನವೂ ನಿಂತಳು. ಒಂದು ದಿನ ಮಗು ದಾಟಿ ಹೋಗಿ, ಸ್ವಲ್ಪ ದೂರದಲ್ಲಿ ನಿಂತು, ತಿರುಗದೆಯೇ ತನ್ನ ಭಾರದ ಬ್ಯಾಗನ್ನು ನೆಲಕ್ಕಿಟ್ಟಿತು. ಹೆಂಗಸು ಹೋಗಿ ಅದನ್ನು ಎತ್ತಿಕೊಂಡಳು. ಇಬ್ಬರೂ ಮಾತಿಲ್ಲದೆ ನಡೆದರು. ಕತ್ತಲಲ್ಲಿ ಮಗಳು ಒಂದು ಸಲ ಮೂಗೊರೆಸಿಕೊಂಡಳು. ಅಮ್ಮನ ಕಡೆ ತಿರುಗಲಿಲ್ಲ.

ಆಟ ಮುಗಿದ ಮೇಲೆ ಥಿಯೇಟರಿನ ಪಕ್ಕದ ಓಣಿಗೆ ಬಂದರು. ಮುಂದಿನ ಆಟದ ಜನರ ಕೂಗಾಟ ಗೋಡೆಯಾಚೆ ಕೇಳುತ್ತಿತ್ತು.

"ಆ ನಗು ಮೇಷ್ಟ್ರು ಹೇಳಿಕೊಟ್ಟಿದ್ದಾ?" ಎಂದು ಮಗಳು ಕೇಳಿದಳು.

"ಇಲ್ಲ."

"ಮತ್ತೆ? ನೀನು ಶೂಟಿಂಗಿಗೆ ಹೋಗ್ತಿದ್ಯಲ್ಲ, ಆಗಲೂ ಹಾಗೆ ನಗ್ತಿದ್ಯಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ತಾಯಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಕೆಲವು ಸಲ" ಅಂದಳು. "ರೈಲು ಹೊರಟ ಮೇಲೆ. ಎಲ್ಲ ಸಲ ಅಲ್ಲ. ಕೆಲವು ಸಲ."

ಮಗಳ ಮುಖ ಕೆಂಪಾಯಿತು. "ನಾನು ಕಿಟಕಿಯಲ್ಲಿ ನಿಂತು ನೋಡ್ತಿದ್ದೆ. ನೀನು ಬೀದಿ ಕೊನೆಯವರೆಗೂ ಹೋಗ್ತಿದ್ದೆ. ಒಂದು ದಿನಾನೂ ತಿರುಗಿ ನೋಡ್ಲಿಲ್ಲ."

"ಬೀದಿ ಕೊನೇಲಿ ಔಷಧಿ ಅಂಗಡಿ ಇತ್ತಲ್ಲ. ಅದರ ಗಾಜಿನ ಬಾಗಿಲಲ್ಲಿ ನಮ್ಮನೆ ಕಿಟಕಿ ಕಾಣ್ತಿತ್ತು. ತಿರುಗಿ ನೋಡಿದ್ರೆ ನೀನು ಕೂಗಿ ಅಳ್ತೀಯ ಅಂತ ಅಲ್ಲಿಂದಲೇ ನೋಡ್ತಿದ್ದೆ. ಚಿಕ್ಕಮ್ಮ ಬಂದು ನಿನ್ನ ಎತ್ತಿಕೊಂಡು ಒಳಗೆ ಹೋಗೋವರೆಗೂ ನಿಂತಿರ್ತಿದ್ದೆ. ಸುಮ್ಮನೆ ನಿಲ್ಲೋಕಾಗುತ್ತಾ, ಪ್ರತಿ ಸಲ ಒಂದು ಮಾತ್ರೆ ಕೊಳ್ತಿದ್ದೆ. ಅಂಗಡಿಯವನಿಗೆ ನಾನು ತಲೆನೋವಿನವಳು."

ಮಗಳು ಗೋಡೆಗೆ ಒರಗಿದಳು.

"ಗಾಜಿನ ವಿಷಯ ಸರಿ" ಅಂದಳು ಕೊನೆಗೆ. "ಕೆಲವು ಸಲ ಅಂದ್ಯಲ್ಲ, ಅದನ್ನ ಅರಗಿಸ್ಕೊಳೋಕೆ ನಂಗೆ ಟೈಮ್ ಬೇಕು ಅಮ್ಮ."

"ತಗೋ."

ಬಸ್ ಸ್ಟಾಪಿನವರೆಗೂ ಒಟ್ಟಿಗೆ ನಡೆದರು. ಬಸ್ ಹತ್ತುವಾಗ ಮಗಳು, "ಚಿತ್ರ ಚೆನ್ನಾಗಿದೆ" ಎಂದು ಅವಸರದಲ್ಲಿ ಹೇಳಿ, ಬೈಸಿಕೊಂಡವಳ ಹಾಗೆ ಮುಖ ತಿರುಗಿಸಿಕೊಂಡಳು.

*

ಇತ್ತ ದೊಡ್ಡ ಚಿತ್ರದವರಿಗೆ ಬಿಸಿ ಮುಟ್ಟಿತ್ತು. ಸೇನಾಪತಿಯ ತಾಯಿಗೆ ಕಳಂಕ ಅಂಟಿದರೆ ಎರಡನೇ ಭಾಗದ ಗತಿಯೇನು? ಅವರ ಪ್ರಚಾರದ ಮ್ಯಾನೇಜರು ತಾಯಕ್ಕನ ಮನೆಗೇ ಬಂದ. ಪರದೆ ಬಟ್ಟೆಯ ರಾಶಿಯ ನಡುವೆ ಬೂಟಿಗೆ ದಾರ ಅಂಟದಂತೆ ಕಾಲು ಮಡಚಿ ಕೂತ.

"ಗುರುವಾರ ಪ್ರೆಸ್‌ಮೀಟ್ ಇದೆ ಮೇಡಂ. ಕೇಳೇ ಕೇಳ್ತಾರೆ. ನಂಗೆ ಪೂರ್ತಿ ಕಥೆ ಹೇಳಿರಲಿಲ್ಲ, ಮೋಸ ಆಯ್ತು ಅಂತ ಒಂದೇ ಮಾತು ಹೇಳಿಬಿಡಿ. ಅಲ್ಲಿಗೆ ಮುಗೀತು. ಎರಡನೇ ಭಾಗದಲ್ಲಿ ನಿಮಗೆ ದೊಡ್ಡ ಪಾತ್ರ. ಒಂದು ಹಾಡೂ ಇದೆ."

"ನಮ್ಮಕ್ಕ ಸತ್ತುಹೋಗಿದ್ದಾಳಲ್ಲ?" ಎಂದು ತಂಗಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಬಜೆಟ್ ಇದ್ರೆ ಸತ್ತವರೂ ಎದ್ದು ಬರ್ತಾರೆ ಮೇಡಂ" ಎಂದು ಅವನು ನಕ್ಕ. ಕೆಟ್ಟವನೇನಲ್ಲ. ತನ್ನ ಕೆಲಸ ಮಾಡಲು ಬಂದಿದ್ದ.

ತಾಯಕ್ಕ ಅವನಿಗೆ ಏನೂ ಹೇಳಲಿಲ್ಲ. ಗುರುವಾರ ಹೋದಳು. ಹೋಟೆಲಿನ ಹಾಲಿನಲ್ಲಿ ಎದುರಿಗೆ ಮೈಕುಗಳ ಪೊದೆ. ಪ್ರಶ್ನೆ ಬರಲು ತಡವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರು ನೀರಿನ ಲೋಟವನ್ನು ಅವಳ ಕಡೆ ಸರಿಸಿದ.

"ಕಥೆ ನಂಗೆ ಗೊತ್ತಿತ್ತು" ಅಂದಳು ತಾಯಕ್ಕ. "ಕೇಳಿ, ಒಪ್ಪಿ ಮಾಡಿದೆ. ಯಾರೂ ಮೋಸ ಮಾಡಿಲ್ಲ. ಆ ನಗು ನಿರ್ದೇಶಕರು ಹೇಳಿಕೊಟ್ಟಿದ್ದಲ್ಲ, ನಂದು. ಆದ್ರೆ ಅದು ಆಮೇಲೆ ಏನಾಗುತ್ತೆ ನೋಡಿ. ಆ ಹೆಂಗಸು ವಾಪಸು ಬರ್ತಾಳೆ. ಬಂದು ಏನೇನು ಅನುಭವಿಸ್ತಾಳೆ, ಅದನ್ನ ನೋಡಿ. ಬೆಂಕೀಲಿ ಸತ್ತವಳೂ ನಾನೇ, ಪ್ಲಾಟ್‌ಫಾರ್ಮಲ್ಲಿ ಕೂತವಳೂ ನಾನೇ. ಒಬ್ಬಳನ್ನ ಇಟ್ಕೊಂಡು ಇನ್ನೊಬ್ಬಳನ್ನ ಬಿಡು ಅಂದ್ರೆ ನನ್ನ ಕೈಲಾಗಲ್ಲ."

ಹೇಳಬೇಕಾದ್ದನ್ನು ಹೇಳಿದೆನೆಂಬ ನೆಮ್ಮದಿಯಲ್ಲಿ ಮನೆಗೆ ಬಂದಳು. ಸಂಜೆ ಟಿವಿ ಹಾಕಿದರೆ ಎಲ್ಲ ಕಡೆಯೂ ಮೂರೇ ಪದ: "ಆ ನಗು ನಂದು." ನಡುವಿನದನ್ನು ಕತ್ತರಿಸಿದ್ದರು, ಮುಂದಿನದು ಎಲ್ಲೂ ಇಲ್ಲ. ಸಂಘದವರು ಮತ್ತೆ ಬೀದಿಗಿಳಿದರು. ಎರಡು ದಿನ ಕಳೆಯುವಷ್ಟರಲ್ಲಿ ಹಂಚಿಕೆದಾರ ಹೊಸ ಪೋಸ್ಟರ್ ಅಂಟಿಸಿದ್ದ. ಅದರ ಮೇಲೆ ಅವಳ ಮುಖ, ಮುಖದ ಕೆಳಗೆ ಅದೇ ಮೂರು ಪದ, ಮುಂದೊಂದು ಉದ್ಗಾರ ಚಿಹ್ನೆ.

ಮೇಷ್ಟ್ರು ಫೋನ್ ಮಾಡಿದ. "ನೀವು ನನ್ನ ಕೈ ಬಿಡಬಾರದು ಅಂತ ಮಾತಾಡಿದ್ರಿ ತಾಯಕ್ಕ. ಅವನು ಅದನ್ನೂ ಗೋಡೆಗೆ ಅಂಟಿಸಿದ" ಅಂದ.

ಮುಂದಿನ ತಿಂಗಳು ಬೇರೆ ಯಾವುದೋ ಚಿತ್ರದ ಹಾಡಿನಲ್ಲಿ ಯಾರಿಗೋ ಅವಮಾನವಾಯಿತೆಂದು ಸುದ್ದಿ ಎದ್ದಿತು. ಸಂಘದವರು, ಅವರ ಎದುರು ಗುಂಪಿನವರು, ಕ್ಯಾಮೆರಾದವರು ಎಲ್ಲ ಗಂಟುಮೂಟೆ ಕಟ್ಟಿಕೊಂಡು ಅತ್ತ ಹೊರಟರು. ಹಳೆಯ ಥಿಯೇಟರಿನ ಮುಂದೆ ಕಾಗದದ ಲೋಟಗಳು ಮಾತ್ರ ಉಳಿದವು. ಜಗಳ ನಿಂತ ಮೂರನೇ ದಿನಕ್ಕೆ ಸಣ್ಣ ಚಿತ್ರವನ್ನು ಎತ್ತಿಬಿಟ್ಟರು. ಅದನ್ನು ಎಷ್ಟು ಸಾವಿರ ಜನ ನೋಡಿದರೆಂದು ಹಂಚಿಕೆದಾರ ಜಾಹೀರಾತು ಕೊಟ್ಟ. ಕೊನೆಯವರೆಗೆ ಕೂತವರನ್ನು ಯಾರೂ ಎಣಿಸಲಿಲ್ಲ. ಕೆಲಸದವರಿಗೆ ಸಂಬಳವೇನೋ ಸಿಕ್ಕಿತು. ಆ ಮಾತನ್ನು ಅವನು ಉಳಿಸಿಕೊಂಡ. ಮೇಷ್ಟ್ರು ಮತ್ತೆ ಬೇರೆಯವರ ಕೈಕೆಳಗೆ ಸಹಾಯಕನಾಗಿ ಸೇರಿಕೊಂಡ.

ದೊಡ್ಡ ಚಿತ್ರದ ಎರಡನೇ ಭಾಗಕ್ಕೆ ತಾಯಕ್ಕನನ್ನು ಕರೆಯಲಿಲ್ಲ. ಅರಮನೆಯ ಗೋಡೆಗೆ ಅವಳದೊಂದು ಆಳೆತ್ತರದ ಚಿತ್ರ ತೂಗುಹಾಕಿ, ನಾಯಕ ಅದರ ಮುಂದೆ ನಿಂತು ಅಳುವಂತೆ ಮಾಡಿದರು. ಜನವೂ ಅತ್ತರು. ದ್ವೇಷಕ್ಕೂ ಅಷ್ಟೇ ಆಯಸ್ಸು. ದಿನಸಿ ಅಂಗಡಿಯ ಹೆಂಗಸು ಒಂದು ದಿನ ತಾನಾಗಿ, "ಎರಡನೇ ಭಾಗದಲ್ಲಿ ನೀವಿಲ್ದೆ ಬಿಕೋ ಅನ್ನಿಸ್ತು" ಎಂದು ಮಾತು ತೆಗೆದಳು. ತಾಯಕ್ಕ ಚೌಕಾಸಿ ಮಾಡದೆ ಸಾಮಾನು ಕಟ್ಟಿಸಿಕೊಂಡು ಬಂದಳು.

ಮಗಳು ಈಗ ಭಾನುವಾರ ಬರುತ್ತಿದ್ದಳು. ಎಲ್ಲ ಭಾನುವಾರವೂ ಅಲ್ಲ. ಬಂದಾಗ ಸಣ್ಣವಳಿದ್ದಾಗಿನ ಸಂಗತಿ ಏನಾದರೂ ಕೇಳುತ್ತಿದ್ದಳು; ಕೆಲವಕ್ಕೆ ಉತ್ತರ ಸಿಕ್ಕಿ ಸುಮ್ಮನಾಗುತ್ತಿದ್ದಳು, ಕೆಲವಕ್ಕೆ ಸಿಟ್ಟು ಬಂದು ಊಟ ಮಾಡದೆ ಹೋಗುತ್ತಿದ್ದಳು. ಹೋದರೂ ಮನೆ ಮುಟ್ಟಿ ಚಿಕ್ಕಮ್ಮನಿಗೆ ಫೋನ್ ಮಾಡುತ್ತಿದ್ದಳು, ಅಮ್ಮ ಪಕ್ಕದಲ್ಲೇ ಇರುತ್ತಾಳೆಂದು ತಿಳಿದು.

ಅಂಥದೇ ಒಂದು ಭಾನುವಾರ ಮಧ್ಯಾಹ್ನ ತಾಯಕ್ಕ ಪಾತ್ರೆ ತೊಳೆಯುತ್ತಿದ್ದಾಗ ಮೇಷ್ಟ್ರ ಫೋನ್ ಬಂತು.

"ಇನ್ನೊಂದು ಬರೆದಿದೀನಿ ತಾಯಕ್ಕ."

"ದುಡ್ಡು ಹಾಕೋರು ಯಾರು?"

"ಇನ್ನೂ ಯಾರೂ ಇಲ್ಲ."

"ಯಾರಾದ್ರೂ ಬೈಯೋ ಹಾಗಾದ್ರೂ ಇದೆಯಾ?"

"ಇಲ್ಲ. ಇದರಲ್ಲಿ ಯಾರಿಗೂ ಸಿಟ್ಟು ಬರಲ್ಲ."

"ದುಡ್ಡೂ ಇಲ್ಲ, ಬೈಗುಳಾನೂ ಇಲ್ಲ. ಮತ್ತೆ ಯಾರೋ ನೋಡ್ತಾರೆ ಅದನ್ನ?"

ಆ ಕಡೆ ಮೇಷ್ಟ್ರು ನಕ್ಕ. ಅವನು ನಕ್ಕದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು. ತಾಯಕ್ಕನಿಗೂ ನಗು ಬಂತು. ಮುಂದಿನ ಕೋಣೆಯಲ್ಲಿ ತಂಗಿ ಪರದೆಯ ಅಂಚು ಹಿಡಿಯಲು ಮಗಳಿಗೆ ಹೇಳುತ್ತಿದ್ದಳು, ಅವಳು ಸೊಟ್ಟ ಹಿಡಿದದ್ದಕ್ಕೆ ಬೈಯುತ್ತಿದ್ದಳು.

ತಾಯಕ್ಕ ನಲ್ಲಿ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು.

"ಹೇಳು" ಅಂದಳು. "ಮೊದಲಿಂದ ಹೇಳು."